ಲಾಘವವಿಚಾರ: ಕಿರುಯಂತ್ರಗಳಲ್ಲಿ ಅಕ್ಷರಪ್ರಕಟನದ ವೆಚ್ಚ

ಶಿವಮೊಗ್ಗೆಯ ಕೋಟೆಯ ಪ್ರದೇಶದಲ್ಲಿ, ತುಂಗಾನದಿಗೆ ಅನತಿದೂರದಲ್ಲಿ, ಶಿವಪ್ಪನಾಯಕನ ಅರಮನೆಯೆಂದು ಪ್ರಸಿದ್ಧವಾದ ಕಟ್ಟಡವಿರುವುದು. ಅದರ ಅಂಗಳದಲ್ಲಿ ಸಂಗ್ರಹಿಸಿಟ್ಟಿರುವ ಶಿಲಾಶಾಸನಗಳನ್ನೂ ವೀರಗಲ್ಲುಗಳನ್ನೂ ಸಾವಧಾನವಾಗಿ ನೋಡಿದವರಿಗೆ ಒಂದು ವಿಷಯವು ಬೇಗನೆ ಮನದಟ್ಟಾಗುತ್ತದೆ. ದಾನಶಾಸನಗಳ ವಾಕ್ಯರಚನೆಯು ಬಹುಮಟ್ಟಿಗೆ ಒಂದೇ ಅಚ್ಚಿನದು. ಮೊದಲು ಸ್ವಸ್ತಿವಾಚನ, ಅನಂತರ ಅರಸನ ಬಿರುದಾವಳಿ, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಆಮೇಲೆ ದಾನಿಯ ಹೆಸರು, ಭೂಮಿಯ ಎಲ್ಲೆ, ಕೊನೆಯಲ್ಲಿ ದಾನವನ್ನು ಅಳಿದವರಿಗೆ ಶಾಪ. ಅರಸರು ಬದಲಾದರೂ ಗ್ರಾಮಗಳು ಬದಲಾದರೂ ಅಚ್ಚು ಬದಲಾಗದು. ಅದರೊಳಗಿನ ತೆರವುಗಳು ಮಾತ್ರ ಬೇರೆ ಬೇರೆ ಹೆಸರುಗಳಿಂದಲೂ ಬೇರೆ ಬೇರೆ ಅಂಕೆಗಳಿಂದಲೂ ತುಂಬಲ್ಪಡುತ್ತವೆ. ಬಿ. ಎಲ್. ರೈಸ್ ಮಹಾಶಯರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದ ಶಿವಮೊಗ್ಗೆ ಜಿಲ್ಲೆಯ ಶಾಸನಗಳನ್ನು ಓದಿದವರಿಗೂ ಇದೇ ಅನುಭವವಾಗುವುದು.

ಇದಕ್ಕೆ ಪ್ರತಿಯಾಗಿ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ನೋಡಬೇಕು. ಕದಂಬರ ವಂಶಕಥೆಯನ್ನು ಹೇಳುವ ಆ ಸಂಸ್ಕೃತ ಕಾವ್ಯವನ್ನು ರಚಿಸಿದವನೂ ಕುಬ್ಜನೆಂಬ ಕವಿ, ಕಲ್ಲಿನ ಮೇಲೆ ಬರೆದವನೂ ಅವನೇ. ಅಲ್ಲಿ ಅಚ್ಚೂ ಇಲ್ಲ, ತೆರವೂ ಇಲ್ಲ. ಆ ಒಂದು ಸ್ತಂಭಕ್ಕಾಗಿಯೇ ಹುಟ್ಟಿದ ಮಾತು ಅದು. ಇನ್ನೊಂದು ಕಡೆ ಉಪಯೋಗಕ್ಕೆ ಬಾರದು. ಆದರೆ ಇದ್ದ ಕಡೆ ಅದರಲ್ಲಿ ವ್ಯರ್ಥವಾದ ಅಂಶವೂ ಇಲ್ಲ.

ಎಲ್ಲಕ್ಕೂ ಒದಗುವ ಅಚ್ಚು ಲೇಸೋ, ಒಂದಕ್ಕೇ ಹೊಂದುವ ಬರೆಹ ಲೇಸೋ ಎಂಬ ಈ ಪ್ರಶ್ನೆಯು ಕಲ್ಲಿನ ಕಾಲದೊಡನೆ ಮುಗಿದುಹೋಗಲಿಲ್ಲ. ಬೆರಳ ತುದಿಯಷ್ಟು ಗಾತ್ರದ ಸಿಲಿಕಾನ್ ಬಿಲ್ಲೆಯಲ್ಲಿ ಅದು ಮತ್ತೆ ತಲೆಯೆತ್ತಿತು. ಮನೆಯ ವಿದ್ಯುತ್ ಮೀಟರು, ಅಂಗಡಿಯ ತಕ್ಕಡಿ, ಗದ್ದೆಯ ನೀರೆತ್ತುವ ಯಂತ್ರದ ಪೆಟ್ಟಿಗೆ ಮೊದಲಾದವುಗಳಲ್ಲಿ ಅಡಗಿರುವ ಮೈಕ್ರೊಕಂಟ್ರೋಲರ್ ಎಂಬ ಕಿರುಯಂತ್ರವು ಒಂದು ಮಾತನ್ನೋ ಒಂದು ಅಂಕೆಯನ್ನೋ ಹೊರಗೆ ತೋರಿಸಬೇಕಾದಾಗ ಎಷ್ಟು ಸ್ಥಳವನ್ನು ವ್ಯಯಮಾಡುತ್ತದೆ, ಆ ವ್ಯಯವು ಯಾವ ಕ್ರಮದಿಂದ ಹೆಚ್ಚುತ್ತದೆ, ಕಡಮೆಯಾಗುತ್ತದೆ ಎಂಬುದರ ಇತಿಹಾಸವು ಕನ್ನಡಿಗರಿಗೆ ಉದಾಸೀನವಾದುದಲ್ಲ. ಏಕೆಂದರೆ ಆ ಯಂತ್ರಗಳ ಮುಖದ ಮೇಲೆ ಕನ್ನಡ ಮೂಡುವುದೂ ಮೂಡದಿರುವುದೂ ಅನೇಕ ವೇಳೆ ಈ ಲೆಕ್ಕದಿಂದಲೇ ನಿರ್ಧರಿಸಲ್ಪಟ್ಟಿತು.

ಮೊದಲು ಪಾತ್ರೆಯ ಪರಿಮಾಣವನ್ನು ತಿಳಿಯತಕ್ಕದ್ದು. ಮೈಕ್ರೊಕಂಟ್ರೋಲರಿನಲ್ಲಿ ಗಣಿಸುವ ಅಂಗ, ಆಜ್ಞೆಗಳನ್ನಿಡುವ ಭಂಡಾರ, ಕ್ಷಣಕ್ಷಣಕ್ಕೂ ಬದಲಾಗುವ ಬೆಲೆಗಳನ್ನು ಬರೆದು ಅಳಿಸುವ ಕರಡುಹಲಗೆ, ಹೊರಲೋಕದೊಡನೆ ವ್ಯವಹರಿಸುವ ದ್ವಾರಗಳು, ಇವಿಷ್ಟೂ ಒಂದೇ ಬಿಲ್ಲೆಯಲ್ಲಿರುತ್ತವೆ. ಇಂಟೆಲ್ ಸಂಸ್ಥೆಯು ೧೯೭೬ರಲ್ಲಿ ಹೊರತಂದ ೮೦೪೮ ಎಂಬ ಬಿಲ್ಲೆಯಲ್ಲಿ ಆಜ್ಞೆಗಳಿಗೆ ೧೦೨೪ ಬೈಟುಗಳೂ ಕರಡುಹಲಗೆಗೆ ೬೪ ಬೈಟುಗಳೂ ಇದ್ದವು. ೧೯೮೦ರಲ್ಲಿ ಬಂದು ಜಗತ್ಪ್ರಸಿದ್ಧವಾದ ೮೦೫೧ರಲ್ಲಿ ಕ್ರಮವಾಗಿ ೪೦೯೬ ಮತ್ತು ೧೨೮. ಹೊಸ ಶತಮಾನದಲ್ಲಿಯೂ ಆಟ್ಮೆಲ್ ಸಂಸ್ಥೆಯ ಎಟಿಟೈನಿ-೧೩ ಎಂಬ ಬಿಲ್ಲೆಯು ೧೦೨೪ ಮತ್ತು ೬೪ ಬೈಟುಗಳಿಂದಲೇ ತೃಪ್ತವಾಗಿತ್ತು. ಆರ್ಡುಯಿನೋ ಯೂನೋ ಎಂಬ ಹಲಗೆಯಿಂದ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಟಿಮೆಗಾ-೩೨೮ಪಿ ಬಿಲ್ಲೆಯಲ್ಲಿ ೩೨,೭೬೮ ಮತ್ತು ೨೦೪೮.

ಹಿಂದಿನ ಲಿಪಿಕಾರರು ತಾಳೆಯೋಲೆಯ ಗ್ರಂಥಗಳ ಗಾತ್ರವನ್ನು ಅಳೆಯುವಾಗ ೩೨ ಅಕ್ಷರಗಳಿಗೆ ಒಂದು ‘ಗ್ರಂಥ’ವೆಂದು ಎಣಿಸುತ್ತಿದ್ದುದು ವಿದಿತವೇ ಆಗಿದೆ, ಅನುಷ್ಟುಪ್ ಶ್ಲೋಕದಲ್ಲಿ ೩೨ ಅಕ್ಷರಗಳಿರುವುದೇ ಅದಕ್ಕೆ ಕಾರಣ. ಅಕ್ಷರಕ್ಕೆ ಒಂದು ಬೈಟಿನಂತೆ ಅದೇ ಮಾನದಿಂದ ಅಳೆದರೆ ೮೦೪೮ರ ಸಮಸ್ತ ಭಂಡಾರವು ೩೨ ಗ್ರಂಥ. ೮೦೫೧ರದು ೧೨೮ ಗ್ರಂಥ. ಯಂತ್ರವು ನೋಡಬೇಕಾದುದು, ಎಣಿಸಬೇಕಾದುದು, ಕಾಯಬೇಕಾದುದು, ಎಚ್ಚರಿಸಬೇಕಾದುದು, ಎಲ್ಲವೂ ಅಷ್ಟರೊಳಗೆ ಅಡಗಬೇಕು. ಮಾತನಾಡುವುದಕ್ಕೆ ಉಳಿಯುವ ಸ್ಥಳ ಅತ್ಯಲ್ಪ.

ಇನ್ನು ಮಾತನಾಡಿಸುವ ಸಾಧನದ ವಿಚಾರ. ಇದಕ್ಕೆ ಲೋಕದಲ್ಲಿ ಅತಿಪ್ರಸಿದ್ಧವಾದ ಸಾಧನವೆಂದರೆ ‘ಸಿ’ ಭಾಷೆಯ ಪ್ರಿಂಟ್‌ಎಫ್ ಎಂಬ ಫಂಕ್ಷನ್ನು. ಅದರ ವಂಶಾವಳಿ ಹೀಗಿದೆ. ೧೯೫೭ರ ಫೋರ್ಟ್ರಾನ್ ಭಾಷೆಯಲ್ಲಿಯೇ ಅಂಕೆಗಳು ಯಾವ ರೂಪದಿಂದ ಅಚ್ಚಾಗಬೇಕೆಂಬುದನ್ನು ಬೇರೆಯಾಗಿ ಬರೆದು ತಿಳಿಸುವ ಪದ್ಧತಿಯಿತ್ತು. ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ಎಂಬ ವಿದ್ವಾಂಸರು ೧೯೬೬-೬೭ರಲ್ಲಿ ನಿರ್ಮಿಸಿದ ಬಿಸಿಪಿಎಲ್ ಎಂಬ ಭಾಷೆಯ ಪರಂಪರೆಯಲ್ಲಿ ರೈಟ್‌ಎಫ್ ಎಂಬುದೊಂದು ಬಂದಿತು. ಅದರಿಂದ ಪ್ರೇರಿತವಾದ ‘ಬಿ’ ಭಾಷೆಯನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆನ್ ಥಾಮ್ಸನ್ ರಚಿಸಿದರು. ಅದರಲ್ಲಿ ಪ್ರಿಂಟ್‌ಎಫ್ ಎಂಬ ಹೆಸರು ಕಾಣಿಸಿಕೊಂಡಿತು. ಡೆನಿಸ್ ರಿಚಿಯವರು ೧೯೭೨ರ ಸುಮಾರಿಗೆ ಅದನ್ನೇ ಬೆಳೆಸಿ ‘ಸಿ’ ಭಾಷೆಯನ್ನು ಮಾಡಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ‘ಬಿ’ ಭಾಷೆಯ ಪ್ರಿಂಟ್‌ಎಫ್‌ಗೆ ನಾಲ್ಕೇ ವಿದ್ಯೆಗಳು ತಿಳಿದಿದ್ದವು: ದಶಮಾನದ ಅಂಕೆ, ಅಷ್ಟಮಾನದ ಅಂಕೆ, ಒಂದು ಅಕ್ಷರ, ಅಕ್ಷರಗಳ ಸಾಲು. ಅಂದಿನ ಯಂತ್ರಗಳೂ ಬಡವೇ. ಬೆಲ್ ಪ್ರಯೋಗಶಾಲೆಯ ಆ ತಂಡದವರ ಮೊದಲ ಪಿಡಿಪಿ-೧೧ ಯಂತ್ರದಲ್ಲಿದ್ದ ಸ್ಮರಣಕೋಶವು ೨೪ ಕಿಲೋಬೈಟು ಮಾತ್ರ. ಬರಬರುತ್ತ ಯಂತ್ರಗಳು ಸಿರಿವಂತವಾದವು. ಫಂಕ್ಷನ್ನೂ ಮೈ ಬೆಳೆಸಿಕೊಂಡಿತು. ೧೯೭೮ರಲ್ಲಿ ಕರ್ನಿಘನ್ ಮತ್ತು ರಿಚಿಯವರ ಪುಸ್ತಕವು ಪ್ರಕಟವಾಗುವ ವೇಳೆಗೆ ಭಿನ್ನಾಂಶವುಳ್ಳ ಸಂಖ್ಯೆಗಳನ್ನು ಮೂರು ರೀತಿಗಳಿಂದ ಅಚ್ಚುಮಾಡುವ ಸಾಮರ್ಥ್ಯವು ಅದಕ್ಕೆ ಬಂದಿತ್ತು. ೧೯೮೯ರ ಅಮೆರಿಕದ ಪ್ರಮಾಣಗ್ರಂಥವೂ ೧೯೯೯ರ ಅಂತಾರಾಷ್ಟ್ರೀಯ ಪ್ರಮಾಣಗ್ರಂಥವೂ ಇನ್ನಷ್ಟು ಅಧಿಕಾರಗಳನ್ನು ಕೊಟ್ಟವು. ಗುಡಿಸಲಿನಲ್ಲಿ ಹುಟ್ಟಿದುದು ಅರಮನೆಯಲ್ಲಿ ಬೆಳೆದು, ಪರಿವಾರಸಮೇತವಾಗಿ ಮತ್ತೆ ಗುಡಿಸಲಿಗೆ ಬಂದಿತು. ಆ ಗುಡಿಸಲೇ ಮೈಕ್ರೊಕಂಟ್ರೋಲರು.

ಪರಿವಾರವನ್ನು ಹೊರಗೆ ನಿಲ್ಲಿಸಲಾಗದೆ? ಆಗದೆಂಬುದಕ್ಕೆ ಕಾರಣವು ಅದರ ಸ್ವರೂಪದಲ್ಲಿಯೇ ಇದೆ. ಪ್ರಿಂಟ್‌ಎಫ್‌ಗೆ ಕೊಡುವ ಮೊದಲನೆಯ ವಸ್ತುವೆಂದರೆ ಶಾಸನದ ಅಚ್ಚಿನಂತಹ ಒಂದು ವಾಕ್ಯ. ಅದರ ತೆರವುಗಳಲ್ಲಿ ಪ್ರತಿಶತಚಿಹ್ನೆಯೂ ಅದರ ಮುಂದೆ ಒಂದು ಅಕ್ಷರವೂ ಇರುವುವು. ‘ಡಿ’ ಎಂದಿದ್ದರೆ ಅಂಕೆ, ‘ಎಸ್’ ಎಂದಿದ್ದರೆ ಮಾತು, ‘ಎಫ್’ ಎಂದಿದ್ದರೆ ಭಿನ್ನಸಂಖ್ಯೆ. ಈ ವಾಕ್ಯವನ್ನು ಫಂಕ್ಷನ್ನು ಓದುವುದು ಯಂತ್ರವು ನಡೆಯುತ್ತಿರುವಾಗ. ಆದರೆ ಯಾವ ಯಾವ ಖಂಡಗಳು ಬಿಲ್ಲೆಯೊಳಗೆ ಹೋಗಬೇಕೆಂದು ನಿರ್ಣಯಿಸುವ ಲಿಂಕರ್ ಎಂಬ ಉಪಕರಣವು ಆ ಕೆಲಸವನ್ನು ಮುಗಿಸುವುದು ಅದಕ್ಕೆ ಬಹಳ ಮುಂಚೆ. ಅಚ್ಚಿನ ವಾಕ್ಯದಲ್ಲಿ ಯಾವ ತೆರವು ಬರುವುದೆಂಬುದು ಅದಕ್ಕೆ ಗೋಚರವಲ್ಲ. ಆದಕಾರಣ ಪ್ರಿಂಟ್‌ಎಫ್ ಬೇಕೆಂದು ಒಮ್ಮೆ ಹೇಳಿದರೆ ಅದಕ್ಕೆ ತಿಳಿದ ಸಕಲ ವಿದ್ಯೆಗಳೂ ಒಳಗೆ ಬಂದು ಕುಳಿತುಕೊಳ್ಳುತ್ತವೆ. ಒಂದು ಮೊಳೆಯನ್ನು ಬಡಿಯುವುದಕ್ಕೆ ಹಳ್ಳಿಯ ಕಮ್ಮಾರನ ತಿದಿಯೇ ಸಾಕು. ಅದಕ್ಕಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದಂತಹ ಊದುಕುಲುಮೆಯನ್ನು ಹೊತ್ತಿಸಿದರೆ ಮೊಳೆಯೇನೋ ದೊರೆಯುವುದು, ಇದ್ದಿಲಿನ ಲೆಕ್ಕವನ್ನು ಮಾತ್ರ ಕೇಳಬಾರದು.

ಕಮ್ಮಾರನ ತಿದಿಗೆ ಸಮಾನವಾದುದು ಯಾವುದೆಂದರೆ, ಒಂದೇ ಒಂದು ಅಕ್ಷರವನ್ನು ಹೊರಗೆ ಕಳುಹಿಸುವ ಪುಟ್‌ಚಾರ್ ಎಂಬ ಕಿರುಫಂಕ್ಷನ್ನು. ಎಟಿಮೆಗಾ-೩೨೮ಪಿ ಬಿಲ್ಲೆಯಲ್ಲಿ ಇದನ್ನು ಯಂತ್ರದ ಆಜ್ಞೆಗಳಿಂದಲೇ ಬರೆದರೆ ಐದು ಆಜ್ಞೆಗಳಲ್ಲಿ ಮುಗಿಯುವುದು. ದ್ವಾರದ ಸ್ಥಿತಿಯನ್ನು ಓದುವುದು, ತೆರವಾಗಿದೆಯೇ ಎಂದು ಪರೀಕ್ಷಿಸುವುದು, ಆಗಿಲ್ಲದಿದ್ದರೆ ಹಿಂದಕ್ಕೆ ಹೋಗುವುದು, ಆಗಿದ್ದರೆ ಅಕ್ಷರವನ್ನು ದ್ವಾರದಲ್ಲಿಡುವುದು, ಕರೆದವನ ಬಳಿಗೆ ಮರಳುವುದು. ಒಟ್ಟು ೧೪ ಬೈಟು. ಭಂಡಾರದಲ್ಲಿರುವ ಒಂದು ಮಾತನ್ನು ಆದ್ಯಂತವಾಗಿ ಕಳುಹಿಸುವ ಪುಟ್‌ಎಸ್‌ಗೆ ಸದೃಶವಾದ ಖಂಡಕ್ಕೆ ಆರು ಆಜ್ಞೆಗಳು, ೧೨ ಬೈಟು. ಇವೆರಡೂ ಸೇರಿ ೨೬ ಬೈಟು. ಒಂದು ಗ್ರಂಥವೂ ತುಂಬಲಿಲ್ಲ.

ಅಂಕೆಗಳನ್ನು ತೋರಿಸುವುದು ಇದಕ್ಕಿಂತ ತುಸು ಕಷ್ಟ. ಯಂತ್ರದೊಳಗೆ ಸಂಖ್ಯೆಗಳು ದ್ವಿಮಾನದಲ್ಲಿರುವುದರಿಂದ ಅವನ್ನು ಹತ್ತರಿಂದ ಭಾಗಿಸಿ ಭಾಗಿಸಿ ಶೇಷಗಳನ್ನು ಅಂಕೆಗಳಾಗಿ ಮಾಡಬೇಕು. ಆದರೆ ಮೇಲ್ಕಂಡ ಬಿಲ್ಲೆಗೆ ಭಾಗಿಸುವ ಆಜ್ಞೆಯೇ ಇಲ್ಲ. ಭಾಗಾಹಾರವನ್ನು ಬೇರೊಂದು ಖಂಡದಿಂದ ಮಾಡಿಸಬಹುದು. ಅದಕ್ಕೂ ಸ್ಥಳ ಬೇಕು. ಹಳೆಯ ಕುಶಲಿಗಳು ಮಾಡಿದ ಉಪಾಯವು ಮಕ್ಕಳಿಗೂ ತಿಳಿಯುವಂಥದು. ೩೪೭ನ್ನು ಬರೆಯಬೇಕಾದರೆ ಅದರಿಂದ ನೂರನ್ನು ಕಳೆಯುತ್ತ ಹೋಗುವುದು. ಮೂರು ಬಾರಿ ಕಳೆಯಿತು, ನಾಲ್ಕನೆಯ ಬಾರಿ ಕಳೆಯಲಾರದು, ಆದುದರಿಂದ ಮೊದಲ ಅಂಕೆ ಮೂರು. ಉಳಿದ ೪೭ರಿಂದ ಹತ್ತನ್ನು ನಾಲ್ಕು ಬಾರಿ ಕಳೆದರೆ ಎರಡನೆಯ ಅಂಕೆ ನಾಲ್ಕು. ಉಳಿದುದೇ ಏಳು. ಹತ್ತುಸಾವಿರ, ಸಾವಿರ, ನೂರು, ಹತ್ತು ಎಂಬ ನಾಲ್ಕು ಸ್ಥಾನಬೆಲೆಗಳ ಪಟ್ಟಿಯೊಂದನ್ನಿಟ್ಟುಕೊಂಡರೆ ೬೫,೫೩೫ರವರೆಗಿನ ಯಾವ ಸಂಖ್ಯೆಯನ್ನಾದರೂ ಹೀಗೆ ಬಿಡಿಸಬಹುದು. ಕೈಯಿಂದ ಬರೆದರೆ ಇದಕ್ಕೆ ಸುಮಾರು ಐವತ್ತು ಅರುವತ್ತು ಬೈಟು ತಗಲುವುದು. ಹಿಂದಿನ ೨೬ನ್ನೂ ಸೇರಿಸಿ ನೂರರೊಳಗೆ ಮಾತೂ ಆಯಿತು, ಅಂಕೆಯೂ ಆಯಿತು. ಮೂರು ಗ್ರಂಥ.

ಇದೇ ಬಿಲ್ಲೆಗಳ ವರ್ಗಕ್ಕಾಗಿ ರಚಿತವಾದ ಎವಿಆರ್-ಲಿಬ್‌ಸಿ ಎಂಬ ಫಂಕ್ಷನ್‌ಭಂಡಾರದಲ್ಲಿ ಪ್ರಿಂಟ್‌ಎಫ್‌ಗೆ ಮೂರು ಅವತಾರಗಳಿವೆ. ಪೂರ್ಣಾಂಕ ಮತ್ತು ಮಾತುಗಳನ್ನಷ್ಟೇ ಬಲ್ಲ ಕನಿಷ್ಠರೂಪವು ಸಾವಿರ ಬೈಟಿಗೆ ತುಸು ಮೇಲಾಗುವುದು. ಭಿನ್ನಸಂಖ್ಯೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬಲ್ಲ ಸಾಮಾನ್ಯರೂಪವು ಒಂದೂವರೆ ಸಾವಿರದ ಆಸುಪಾಸು. ಭಿನ್ನಸಂಖ್ಯೆಯನ್ನೂ ಬಲ್ಲ ಪೂರ್ಣರೂಪವು ಮೂರು ಸಾವಿರದ ಆಸುಪಾಸು. ಕಂಪೈಲರಿನ ಆವೃತ್ತಿಯನ್ನನುಸರಿಸಿ ಈ ಅಂಕೆಗಳು ಹೆಚ್ಚುಕಡಮೆಯಾಗುತ್ತವೆಯಾದರೂ ಪ್ರಮಾಣವು ಇದೇ. ೧೦೨೪ ಬೈಟಿನ ಬಿಲ್ಲೆಯಲ್ಲಿ ಕನಿಷ್ಠರೂಪಕ್ಕೇ ಅವಕಾಶವಿಲ್ಲವೆಂಬುದು ಇದರಿಂದ ಸ್ಪಷ್ಟ. ದೊಡ್ಡ ಗಣಕಗಳಿಗೆ ಸಮೀಪವಾದ ೩೨ ಬಿಟ್ಟಿನ ಆರ್ಮ್ ವರ್ಗದ ಬಿಲ್ಲೆಗಳಲ್ಲಿ ನ್ಯೂಲಿಬ್ ಎಂಬ ಭಂಡಾರದ ಪೂರ್ಣರೂಪವು ಹತ್ತಾರು ಕಿಲೋಬೈಟುಗಳಿಗೆ ಏರುವುದುಂಟು. ಅದನ್ನು ತಾಳಲಾರದೆ ೨೦೧೨ರ ಸುಮಾರಿಗೆ ನ್ಯೂಲಿಬ್-ನ್ಯಾನೋ ಎಂಬ ಸಂಕ್ಷಿಪ್ತರೂಪವನ್ನು ಹೊರತಂದರು. ೧೯೮೫ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಕಂಪೈಲರುಗಳಲ್ಲಿಯೂ ಪೂರ್ಣ, ಭಿನ್ನರಹಿತ, ಕನಿಷ್ಠ ಎಂಬ ಮೂರು ಆಯ್ಕೆಗಳೇ ಇವೆ. ಬೇರೆ ಬೇರೆ ಕಡೆ ಕುಳಿತು ಯೋಚಿಸಿದವರು ಒಂದೇ ಮೂರು ಮೆಟ್ಟಿಲುಗಳಿಗೆ ಬಂದು ನಿಂತುದನ್ನು ನೋಡಿದರೆ ಕಷ್ಟವು ಎಲ್ಲರಿಗೂ ಒಂದೇ ಎಂಬುದು ವೇದ್ಯವಾಗುತ್ತದೆ.

ಇಲ್ಲಿ ಆಜ್ಞೆಗಳ ಭಂಡಾರವನ್ನು ಮಾತ್ರ ಲೆಕ್ಕಿಸಿ ಕರಡುಹಲಗೆಯನ್ನು ಮರೆಯಬಾರದು. ಎವಿಆರ್ ವರ್ಗದಲ್ಲಿ ಭಂಡಾರವೂ ಹಲಗೆಯೂ ಬೇರೆ ಬೇರೆ ಕೋಣೆಗಳು. ಅಚ್ಚಿನ ವಾಕ್ಯಗಳನ್ನು ಸಾಮಾನ್ಯರೀತಿಯಿಂದ ಬರೆದರೆ ಅವೆಲ್ಲವೂ ಯಂತ್ರವು ಎಚ್ಚತ್ತ ಕ್ಷಣದಲ್ಲಿ ಹಲಗೆಯ ಮೇಲೆ ನಕಲಾಗಿ ಅಲ್ಲಿಯೇ ಉಳಿಯುತ್ತವೆ. ಹಲಗೆ ೧೨೮ ಬೈಟಿನದಾದರೆ ನಾಲ್ಕು ವಾಕ್ಯಗಳಿಗೇ ತುಂಬಿಹೋಗುವುದು. ವಾಕ್ಯಗಳು ಭಂಡಾರದಲ್ಲಿಯೇ ಇರಲೆಂದು ವಿಶೇಷವಾಗಿ ಸೂಚಿಸುವ ಉಪಾಯವನ್ನು ಇದಕ್ಕಾಗಿಯೇ ಕಲ್ಪಿಸಿದ್ದಾರೆ. ಇದನ್ನರಿಯದ ವಿದ್ಯಾರ್ಥಿಯ ಯಂತ್ರವು ಕಾರಣವಿಲ್ಲದೆ ತಡವರಿಸುವುದಕ್ಕೆ ಅನೇಕ ವೇಳೆ ಇದೇ ಮೂಲ.

ಹೀಗಿರಲು ಪ್ರಿಂಟ್‌ಎಫ್ ಸರ್ವಥಾ ತ್ಯಾಜ್ಯವೇ ಎಂಬ ಪೂರ್ವಪಕ್ಷವು ಏಳುತ್ತದೆ. ಅದಕ್ಕೆ ಸಮಾಧಾನವನ್ನು ವ್ಯಾಕರಣಶಾಸ್ತ್ರದಿಂದ ಪಡೆಯಬಹುದು. ಲಾಘವವನ್ನು ವೈಯಾಕರಣರಷ್ಟು ಆದರಿಸಿದವರು ಬೇರೆ ಯಾರೂ ಇಲ್ಲ. ಅರ್ಧಮಾತ್ರೆ ಉಳಿದರೂ ಪುತ್ರೋತ್ಸವದಷ್ಟು ಸಂತೋಷಪಡುವರೆಂಬ ಪ್ರತೀತಿ ಅವರ ವಿಷಯದಲ್ಲಿದೆ. ಸ್ವರಗಳನ್ನೆಲ್ಲ ‘ಅಚ್’ ಎಂದೂ ವ್ಯಂಜನಗಳನ್ನೆಲ್ಲ ‘ಹಲ್’ ಎಂದೂ ಒಂದೊಂದು ಪ್ರತ್ಯಾಹಾರದಿಂದ ಹಿಡಿದಿಡುವುದಕ್ಕಾಗಿ ಪಾಣಿನಿಯ ಶಾಸ್ತ್ರದ ಆದಿಯಲ್ಲಿ ೧೪ ಸೂತ್ರಗಳ ಅಕ್ಷರಸಮಾಮ್ನಾಯವನ್ನಿಟ್ಟಿದ್ದಾರೆ. ಆ ಹದಿನಾಲ್ಕೂ ಒಂದು ಬಗೆಯ ಮೂಲಧನ. ವ್ಯಾಕರಣವು ಹತ್ತು ಸೂತ್ರಗಳದಾಗಿದ್ದಿದ್ದರೆ ಆ ಮೂಲಧನವು ನಷ್ಟವೇ. ಸುಮಾರು ೪೦೦೦ ಸೂತ್ರಗಳದಾದುದರಿಂದ ಬಡ್ಡಿಸಮೇತ ಹಿಂದಿರುಗಿ ಬಂದಿತು. ಸಂಜ್ಞೆಯ ವೆಚ್ಚವನ್ನು ಒಂದು ಸೂತ್ರದಲ್ಲಿ ನೋಡಬಾರದು, ಸಮಗ್ರ ಶಾಸ್ತ್ರದಲ್ಲಿ ನೋಡಬೇಕು. ಪ್ರಿಂಟ್‌ಎಫ್ ವಿಷಯದಲ್ಲಿಯೂ ಹೀಗೆಯೇ. ಅದರ ವೆಚ್ಚವೆಲ್ಲ ಮೊದಲ ಕರೆಯಲ್ಲಿ. ಎರಡನೆಯ ಕರೆಗೆ, ಇಪ್ಪತ್ತನೆಯ ಕರೆಗೆ ಹೊಸದಾಗಿ ತೆರಬೇಕಾದುದು ಅಚ್ಚಿನ ವಾಕ್ಯವೂ ಕೆಲವು ಬೈಟುಗಳೂ ಅಷ್ಟೆ.

ಆದರೂ ಈ ಸಾದೃಶ್ಯವನ್ನು ಮಿತಿಮೀರಿ ಎಳೆಯಬಾರದು. ಎವಿಆರ್ ಬಿಲ್ಲೆಗಳಲ್ಲಿ ಪ್ರಿಂಟ್‌ಎಫ್‌ಗೆ ಕೊಡುವ ಪ್ರತಿಯೊಂದು ಬೆಲೆಯನ್ನೂ ಹಲಗೆಯ ಮೇಲೆ ಒಂದರ ಮೇಲೊಂದಾಗಿ ಪೇರಿಸಿ, ಕೆಲಸವಾದ ಮೇಲೆ ಇಳಿಸಬೇಕಾಗುವುದು. ಆದುದರಿಂದ ಒಂದು ಅಂಕೆಯನ್ನು ತೋರಿಸುವ ಒಂದು ಕರೆಯು, ಅದೇ ಕೆಲಸವನ್ನು ಪುಟ್‌ಎಸ್ ಮತ್ತು ಕಿರುಖಂಡಗಳಿಂದ ಮಾಡಿಸುವುದಕ್ಕಿಂತ ಹೆಚ್ಚೇ ಆಗಬಹುದು. ಅಲ್ಲಿ ಕರೆಗಳು ಎಷ್ಟಾದರೂ ಮೂಲಧನವು ಹಿಂದಿರುಗದು. ಅಂಕೆಗಳನ್ನು ಸಾಲಾಗಿ ನಿಲ್ಲಿಸುವುದು, ಮುಂದೆ ಸೊನ್ನೆಗಳನ್ನು ತುಂಬುವುದು, ಋಣಚಿಹ್ನೆ, ಷೋಡಶಮಾನ ಮೊದಲಾದ ನಾನಾ ರೂಪಗಳು ಬೇಕಾದಾಗ ಮಾತ್ರ ಅದರ ಬೆಲೆ ತೋರುವುದು. ಹಾಗಿದ್ದೂ ಜನರು ಅದನ್ನೇ ಏಕೆ ಆಶ್ರಯಿಸುತ್ತಾರೆ? ಶಾಸ್ತ್ರಕಾರರು ಲಾಘವದಲ್ಲಿಯೇ ಎರಡು ಬಗೆಗಳನ್ನು ಹೇಳಿದ್ದಾರೆ. ಅಕ್ಷರಗಳು ಕಡಮೆಯಾಗುವುದು ಶಬ್ದಲಾಘವ. ಅರ್ಥವು ಬೇಗನೆ ತಿಳಿಯುವುದು ಪ್ರತಿಪತ್ತಿಲಾಘವ. ಇವೆರಡೂ ಯಾವಾಗಲೂ ಒಟ್ಟಿಗೆ ಇರಲಾರವು. ಭಟ್ಟಾಕಳಂಕನು ೧೬೦೪ರಲ್ಲಿ ರಚಿಸಿದ ಕರ್ಣಾಟಕಶಬ್ದಾನುಶಾಸನವು ಇದಕ್ಕೆ ಮನೆಯ ಹತ್ತಿರದ ಉದಾಹರಣೆ. ೫೯೨ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನೆಲ್ಲ ಅಡಗಿಸಿದ ಆ ವಿದ್ವಾಂಸನು, ಅವು ಓದುಗರಿಗೆ ಅರ್ಥವಾಗಲೆಂದು ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆಯಬೇಕಾಯಿತು. ಸೂತ್ರದಲ್ಲಿ ಉಳಿದುದು ವ್ಯಾಖ್ಯಾನದಲ್ಲಿ ವೆಚ್ಚವಾಯಿತು. ಪ್ರಿಂಟ್‌ಎಫ್ ಇದಕ್ಕೆ ವಿಪರ್ಯಯ: ಯಂತ್ರಕ್ಕೆ ಗೌರವ, ಓದುವವನಿಗೆ ಲಾಘವ. ಒಂದು ಸಾಲನ್ನು ನೋಡಿದೊಡನೆ ಯಂತ್ರವು ಏನನ್ನು ನುಡಿಯುವುದೆಂಬುದು ಕಣ್ಣಿಗೆ ಕಟ್ಟುತ್ತದೆ. ನಾಳೆ ತಿದ್ದಬೇಕಾದವನಿಗೆ ಅದೊಂದು ದೊಡ್ಡ ಉಪಕಾರವೇ ಸರಿ.

ಪಾತ್ರೆಯು ದೊಡ್ಡದಾದಾಗ ಪ್ರತಿಪತ್ತಿಲಾಘವವೂ, ಚಿಕ್ಕದಾದಾಗ ಶಬ್ದಲಾಘವವೂ ಬಲವತ್ತರವೆಂಬುದು ಇದರಿಂದ ಸಿದ್ಧವಾಗುವ ನಿರ್ಣಯ. ಕಂಪೈಲರುಗಳೂ ಈ ವಿವೇಕವನ್ನು ಅಲ್ಪಾಂಶದಲ್ಲಿ ಕಲಿತಿವೆ. ತೆರವಿಲ್ಲದ, ಸಾಲಿನ ಮುಕ್ತಾಯವುಳ್ಳ ವಾಕ್ಯವನ್ನು ಪ್ರಿಂಟ್‌ಎಫ್‌ಗೆ ಕೊಟ್ಟಿದ್ದರೆ ಜಿಸಿಸಿ ಎಂಬ ಕಂಪೈಲರು ಅದನ್ನು ಸದ್ದಿಲ್ಲದೆ ಪುಟ್‌ಎಸ್ ಆಗಿ ಮಾರ್ಪಡಿಸುವುದುಂಟು.

ಇಷ್ಟೆಲ್ಲವೂ ರೋಮನ್ ಅಕ್ಷರಗಳ ವಿಷಯ. ಕನ್ನಡಕ್ಕೆ ಬಂದಾಗ ಪ್ರಶ್ನೆಯು ಗಂಭೀರವಾಗುತ್ತದೆ. ಕಿರುಯಂತ್ರಗಳೊಡನೆ ಬಹುಕಾಲದಿಂದ ಬಳಕೆಯಲ್ಲಿರುವ ತೋರುಹಲಗೆಗಳಿಗೆ ಹಿಟಾಚಿ ಸಂಸ್ಥೆಯ ಎಚ್‌ಡಿ-೪೪೭೮೦ ಎಂಬ ನಿಯಂತ್ರಕವು ಮಾದರಿಯಾಯಿತು. ಅದರೊಳಗೆ ಅಕ್ಷರಗಳ ಚಿತ್ರಗಳು ಮೊದಲೇ ಕೆತ್ತಿರುತ್ತವೆ: ರೋಮನ್ ಲಿಪಿ, ಅಂಕೆಗಳು, ಮತ್ತು ಒಂದು ಮಾದರಿಯಲ್ಲಿ ಜಪಾನಿನ ಕಟಕಾನ ಲಿಪಿ. ಬಳಸುವವನು ತಾನೇ ಬರೆದುಕೊಳ್ಳಲು ಬಿಟ್ಟ ಸ್ಥಳ ೬೪ ಬೈಟು. ಅದರಲ್ಲಿ ಐದು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಎಂಟೇ ಚಿತ್ರಗಳು. ತಮ್ಮ ಯಂತ್ರವನ್ನು ಮಾಡಿದವರು ತಮ್ಮ ಲಿಪಿಗೆ ಎಡೆಯನ್ನು ಇಟ್ಟುಕೊಂಡರು, ಅದರಲ್ಲಿ ದೋಷವಿಲ್ಲ. ಆದರೆ ಆ ಐದು ಚುಕ್ಕೆಗಳ ಅಗಲದಲ್ಲಿ ಕನ್ನಡದ ‘ಘ’ಕಾರವೂ ‘ಝ’ಕಾರವೂ ಉಸಿರಾಡಲಾರವು. ‘ಸಣ್ಣ ಯಂತ್ರಕ್ಕೆ ಕನ್ನಡ ಭಾರ’ ಎಂಬ ಭಾವನೆಯು ಇಂಥ ಸಂದರ್ಭಗಳಿಂದ ಹುಟ್ಟಿತು. ಭಾರವು ಲಿಪಿಯದೋ ವಿಧಾನದ್ದೋ ಎಂಬುದನ್ನು ಎಣಿಸಿ ನೋಡಬೇಕಲ್ಲದೆ ಊಹಿಸಬಾರದು.

ಚುಕ್ಕೆಗಳಿಂದ ಚಿತ್ರ ಬರೆಯುವ ತೋರುಹಲಗೆಯಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಅಡ್ಡ ಹದಿನಾರು, ಉದ್ದ ಹದಿನಾರು ಚುಕ್ಕೆಗಳನ್ನು ಕೊಟ್ಟರೆ ಒಂದು ಚಿತ್ರಕ್ಕೆ ೩೨ ಬೈಟು. ಕಾಗುಣಿತದ ಪ್ರತಿಯೊಂದು ಅಕ್ಷರಕ್ಕೂ ಸಿದ್ಧಚಿತ್ರವನ್ನಿಡುವುದು ಮೊದಲನೆಯ ಮಾರ್ಗ. ೩೪ ವ್ಯಂಜನಗಳಿಗೆ ೧೫ರಂತೆ ೫೧೦ ಚಿತ್ರಗಳು, ೧೬,೩೨೦ ಬೈಟು. ಒಂದು ಒತ್ತನ್ನು ಸೇರಿಸಿದರೆ ೩೪ನ್ನು ಮತ್ತೆ ೩೪ರಿಂದ ಗುಣಿಸ, ೧೭,೩೪೦ ಚಿತ್ರಗಳು, ೫,೫೪,೮೮೦ ಬೈಟು. ಇದು ಯಾವ ಕಿರುಯಂತ್ರಕ್ಕೂ ಭಾರವೇ. ಆದರೆ ಈ ಮಾರ್ಗವನ್ನು ಹಿಡಿದವರು ಮಹಾಭಾಷ್ಯದ ಆರಂಭದಲ್ಲಿ ಪತಂಜಲಿಯು ಹೇಳುವ ಬೃಹಸ್ಪತಿಯ ಕಥೆಯನ್ನು ಮರೆತವರು. ದೇವಗುರುವು ಇಂದ್ರನಿಗೆ ಒಂದೊಂದೇ ಶಬ್ದವನ್ನು ಹೇಳಿಕೊಡುತ್ತ ಸಾವಿರ ದಿವ್ಯವರ್ಷಗಳು ಕಳೆದರೂ ಶಬ್ದರಾಶಿಯು ಮುಗಿಯಲಿಲ್ಲವಂತೆ. ಪಟ್ಟಿಯು ಮಾರ್ಗವಲ್ಲ, ಸಾಮಾನ್ಯನಿಯಮ ಮತ್ತು ಅಪವಾದಗಳೇ ಮಾರ್ಗವೆಂಬುದು ಅಲ್ಲಿಯ ತಾತ್ಪರ್ಯ.

ನಿಯಮದ ಮಾರ್ಗದಲ್ಲಿ ಎಣಿಸಿದರೆ: ಮೂಲಾಕ್ಷರಗಳು ೪೯, ಒತ್ತುಗಳು ೩೪, ಗುಡಿಸು ಬಂದಾಗ ತಲೆಕಟ್ಟಿನೊಡನೆ ಬೆರೆತು ರೂಪವೇ ಬದಲಾಗುವುದರಿಂದ ಅದಕ್ಕಾಗಿ ಇನ್ನೊಂದು ೩೪, ಇಳಿ, ಕೊಂಬು, ದೀರ್ಘ, ಅರ್ಕಾವೊತ್ತು ಮೊದಲಾದ ಚಿಹ್ನೆಗಳು ಹತ್ತು ಹನ್ನೊಂದು. ಸ್ಥೂಲವಾಗಿ ೧೨೮ ತುಣುಕುಗಳು, ೪೦೯೬ ಬೈಟು. ಹಳೆಯ ೮೦೫೧ರ ಭಂಡಾರವೆಲ್ಲ ಇಷ್ಟೇ ಇದ್ದುದರಿಂದ ಅಕ್ಷರಗಳೇ ತುಂಬಿ ಆಜ್ಞೆಗಳಿಗೆ ಎಡೆಯಿಲ್ಲದಾಗುತ್ತಿತ್ತೆಂಬುದು ನಿಜ. ೧೦೨೪ ಬೈಟಿನ ಬಿಲ್ಲೆಗೆ ಇದು ಅಸಾಧ್ಯವೆಂಬುದೂ ನಿಜ. ಆದರೆ ೩೨,೭೬೮ ಬೈಟಿನ ಬಿಲ್ಲೆಯಲ್ಲಿ ಇದು ಎಂಟರಲ್ಲಿ ಒಂದು ಪಾಲು. ತುಣುಕುಗಳನ್ನು ಜೋಡಿಸುವ ನಿಯಮಗಳಿಗೆ ಇನ್ನಷ್ಟು ಸ್ಥಳ ಹೋದರೂ ಯಂತ್ರದ ಮುಖ್ಯ ಕೆಲಸಕ್ಕೆ ಬಹುಪಾಲು ಉಳಿಯುವುದು. ಯಂತ್ರವು ನುಡಿಯಬೇಕಾದುದು ‘ನೀರು ಇಲ್ಲ’, ‘ವಿದ್ಯುತ್ತು ಬಂದಿದೆ’ ಎಂಬಂತಹ ಹತ್ತೇ ಮಾತುಗಳಾದರೆ ಆ ಮಾತುಗಳಲ್ಲಿ ಬರುವ ಅಕ್ಷರಗಳನ್ನಷ್ಟೇ ಇಟ್ಟು ಕುಬ್ಜಕವಿಯ ಮಾರ್ಗವನ್ನೂ ಅನುಸರಿಸಬಹುದು. ಇಪ್ಪತ್ತು ಚಿತ್ರಗಳಿಗೆ ೬೪೦ ಬೈಟು ಸಾಕು.

ಮಾತುಗಳನ್ನು ಭಂಡಾರದಲ್ಲಿಡುವ ಸಂಕೇತದ ವಿಷಯವೂ ಹೀಗೆಯೇ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ವ್ಯವಸ್ಥೆಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿ ದೊರೆಯಿತು. ಅದನ್ನು ಯುಟಿಎಫ್-೮ ಎಂಬ ರೀತಿಯಿಂದ ಬರೆದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಶಿವಮೊಗ್ಗ’ ಎಂಬ ಹೆಸರಿನಲ್ಲಿ ಸಂಕೇತಗಳು ಎಂಟು, ಬೈಟುಗಳು ೨೪. ‘ಭದ್ರಾವತಿ’ಗೂ ಎಂಟು ಸಂಕೇತ, ೨೪ ಬೈಟು. ಅವೇ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದರೆ ಹತ್ತು ಹತ್ತು ಬೈಟು. ಇಷ್ಟನ್ನೇ ನೋಡಿದವರು ಕನ್ನಡವನ್ನು ದುಂದುಗಾರನೆನ್ನುವರು. ಆದರೆ ಅದೇ ೧೯೯೧ರಲ್ಲಿ ಭಾರತೀಯ ಪ್ರಮಾಣವಾಗಿ ಅಂಗೀಕೃತವಾದ ಇಸ್ಕಿ ಎಂಬ ಸಂಕೇತದಲ್ಲಿ ಒಂದು ಚಿಹ್ನೆಗೆ ಒಂದೇ ಬೈಟು. ‘ಶಿವಮೊಗ್ಗ’ ಎಂಟು, ‘ಭದ್ರಾವತಿ’ ಎಂಟು. ರೋಮನ್ ಲಿಪಿಗಿಂತ ಎರಡೆರಡು ಕಡಮೆ! ಅಕಾರವು ವ್ಯಂಜನದೊಳಗೇ ಅಡಗಿರುವುದೂ ಮಹಾಪ್ರಾಣಕ್ಕೆ ಒಂದೇ ಅಕ್ಷರವಿರುವುದೂ ಇದಕ್ಕೆ ಕಾರಣ. ದುಂದು ಲಿಪಿಯದಲ್ಲ, ಪಾತ್ರವರಿಯದ ಸಂಕೇತದ್ದು. ಇಡೀ ಕನ್ನಡವು ೧೨೮ ಸ್ಥಾನಗಳ ಒಂದೇ ಕೇರಿಯಲ್ಲಿರುವುದರಿಂದ, ಕಿರುಯಂತ್ರದೊಳಗೆ ಕೇರಿಯ ಹೆಸರನ್ನು ಒಮ್ಮೆ ನೆನಪಿಟ್ಟು ಮನೆಯ ಸಂಖ್ಯೆಯನ್ನು ಮಾತ್ರ ಬರೆದಿಡುವುದಕ್ಕೆ ಯೂನಿಕೋಡಿನಲ್ಲಿಯೂ ಯಾವ ಅಡ್ಡಿಯೂ ಇಲ್ಲ.

ಇಂತಹ ಜಾಣ್ಮೆಯು ಕನ್ನಡಿಗರಿಗೆ ಹೊಸದಲ್ಲ. ಕನ್ನಡ ಬೆರಳಚ್ಚುಯಂತ್ರದ ಕೀಲಿಮಣೆಯನ್ನು ರೂಪಿಸಿದ ಅನಂತಸುಬ್ಬರಾಯರು, ಮುದ್ರಣಾಲಯದ ನೂರಾರು ಮೊಳೆಗಳ ಕೆಲಸವನ್ನು ಅಂಗೈಯಗಲದ ಕೀಲಿಗಳಿಗೆ ಇಳಿಸಿದುದು ಅಕ್ಷರವನ್ನು ತುಣುಕುಗಳಾಗಿ ಒಡೆದುದರಿಂದಲೇ. ಗಣಕದ ಕಾಲದಲ್ಲಿ ಕೆ. ಪಿ. ರಾಯರು ಉಚ್ಚಾರಣೆಯನ್ನನುಸರಿಸಿ ವ್ಯಂಜನಕ್ಕೆ ಸ್ವರವನ್ನು ಕೂಡಿಸುವ ಕೀಲಿಮಣೆಯನ್ನು ಕಲ್ಪಿಸಿದುದೂ ಅದೇ ನಿಯಮಮಾರ್ಗ. ಲಿಪಿಯ ಒಳರಚನೆಯನ್ನು ಬಲ್ಲವನಿಗೆ ಸ್ಥಳವು ಸಾಲದಾಗುವುದಿಲ್ಲ.

ಶಿವಮೊಗ್ಗೆಯಲ್ಲಿ ಜವಾಹರಲಾಲ್ ನೆಹರು ನ್ಯಾಷನಲ್ ಇಂಜಿನಿಯರಿಂಗ್ ಕಾಲೇಜು ೧೯೮೦ರಲ್ಲಿ, ಎಂದರೆ ೮೦೫೧ ಬಿಲ್ಲೆಯು ಜಗತ್ತಿಗೆ ಬಂದ ವರ್ಷದಲ್ಲಿಯೇ, ಸ್ಥಾಪಿತವಾಯಿತು. ೧೯೯೮ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದ ಮೂಲಕ ನಾಡಿನ ಸಹಸ್ರಾರು ತರುಣರು ಆ ಬಿಲ್ಲೆಗೆ ಆಜ್ಞೆಗಳನ್ನು ಬರೆಯಲು ಕಲಿತರು. ತಾವು ಬರೆದ ಯಂತ್ರವು ಮೊದಲು ಒಂದು ಮಾತನ್ನು ನುಡಿದಾಗ ಆಗುವ ಹರ್ಷವನ್ನು ಅವರೆಲ್ಲರೂ ಬಲ್ಲರು. ಅಂಥವರು ಕೋಟೆಯ ಅರಮನೆಯ ಅಂಗಳಕ್ಕೂ ಒಮ್ಮೆ ಹೋಗಿ ಆ ಕಲ್ಲುಗಳ ಮುಂದೆ ನಿಲ್ಲುವುದು ಯೋಗ್ಯವಾಗಿದೆ. ಕಲ್ಲಿನ ಅಗಲವನ್ನು ನೋಡಿ ಅಕ್ಷರದ ಗಾತ್ರವನ್ನು ಗೊತ್ತುಮಾಡಿದವರ, ಒಂದಂಗುಲ ಉಳಿದರೆ ಅಲ್ಲಿಯೂ ಒಂದು ಹೆಸರನ್ನು ಸೇರಿಸಿದವರ ಕೈಕೆಲಸ ಅಲ್ಲಿದೆ. ಆ ರೂವಾರಿಗಳಲ್ಲಿ ಯಾರೂ ಕಲ್ಲು ಚಿಕ್ಕದೆಂದು ಕನ್ನಡವನ್ನು ಬಿಡಲಿಲ್ಲ.

ನೀರೆತ್ತುವ ಯಂತ್ರದ ಪೆಟ್ಟಿಗೆಯ ಮುಂದೆ ನಿಂತ ರೈತನಿಗೆ ಅದರೊಳಗಿನ ಫಂಕ್ಷನ್ನು ಎಷ್ಟು ಬೈಟಿನದೆಂಬುದು ಬೇಕಾಗಿಲ್ಲ. ಅದು ಹೇಳುವ ಮಾತು ತನಗೆ ತಿಳಿಯಬೇಕು, ಅಷ್ಟೆ. ಆ ಮಾತಿಗೆ ಬೇಕಾದ ಸ್ಥಳವನ್ನು ಎಲ್ಲಿಂದ ಉಳಿಸಬೇಕೆಂಬ ವಿಚಾರವು ಯಂತ್ರವನ್ನು ಮಾಡುವವರದು. ಭಿನ್ನಸಂಖ್ಯೆಯ ಉಪಯೋಗವೇ ಇಲ್ಲದ ಯಂತ್ರದಲ್ಲಿ ಅದಕ್ಕಾಗಿ ಒಂದೂವರೆ ಸಾವಿರ ಬೈಟುಗಳನ್ನು ಸುರಿದು, ಕನ್ನಡಕ್ಕೆ ಎಡೆಯಿಲ್ಲವೆಂದು ಹೇಳುವುದು ಲಾಘವವೆನಿಸದು. ಆ ಒಂದೂವರೆ ಸಾವಿರದಲ್ಲಿ ಕನ್ನಡದ ನಲವತ್ತಾರು ಅಕ್ಷರಚಿತ್ರಗಳು ಹಿಡಿಸುತ್ತವೆ.